ಸೋಮವಾರದ ನೀರು

೧೯೮೧ ಮಾರ್ಚ್ ೫, ಗುರುವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಎರಡು ತಿಂಗಳಿಂದ ಗೂಡಿನಲ್ಲಿ ಬಿದ್ದಿತ್ತು. ಹೆಂಡತಿ ಪ್ರೇಮ ಅದರ ಹಾಳೆ ಹರಿದು ಒಲೆ ಹಚ್ಚುವ ಮೊದಲು ಒಂದಿಷ್ಟು ಬರೆಯೋಣ ಅಂತ ಕೂತಿದ್ದೇನೆ. ಪಂಪ್‌ಹೌಸಿನಲ್ಲಿ ದಿನಾ ಬರೆಯುವುದು ಇದ್ದೇ ಇದೆ. ಮೋಟಾರು ಎಷ್ಟು ಗಂಟೆಗೆ ಹಾಕಿದೆ, ಎಷ್ಟಕ್ಕೆ ನಿಲ್ಲಿಸಿದೆ, ಬ್ಲೀಚಿಂಗ್ ಪುಡಿ ಒಂದು ಕೆ.ಜಿ., ಕೆಳಗೆ ಷಣ್ಮುಖಪ್ಪ ಅಂತ ರುಜು. ಹನ್ನೆರಡು ವರ್ಷದಿಂದ ಅದೇ ಸಾಲುಗಳು. ಇದರಲ್ಲಿ ನನ್ನ ಇಷ್ಟಕ್ಕೆ ಬರೆಯಬಹುದು, ಇನ್‌ಸ್ಪೆಕ್ಷನ್ನಿಗೆ ಯಾರೂ ಬರುವುದಿಲ್ಲ.

ಈ ಊರಿನಲ್ಲಿ ಯಾರಿಗೆ ಎಷ್ಟೇ ದರ್ಪವಿರಲಿ, ಬೆಳಿಗ್ಗೆ ಆರಕ್ಕೆ ನಾನು ವಾಲ್ವ್ ತಿರುಗಿಸದಿದ್ದರೆ ಅವರ ಮನೆಯಲ್ಲಿ ಮುಖ ತೊಳೆಯುವ ಹಾಗಿಲ್ಲ. ಪುರಸಭೆಯ ಅಧ್ಯಕ್ಷರೂ ನನ್ನನ್ನು 'ಷಣ್ಮುಖಪ್ಪನವರೇ' ಅನ್ನುತ್ತಾರೆ. ಮನಸ್ಸಿನಲ್ಲಿ ಏನನ್ನುತ್ತಾರೋ ಅದು ಅವರಿಗೇ ಗೊತ್ತು.

ನಿನ್ನೆ ಶಿವರಾತ್ರಿ. ಮಠದ ಓಣಿಗೆ, ತೀರ್ಥಮ್ಮ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವಳು ನಮ್ಮವ್ವನ ಅಕ್ಕ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಹಿರೇನಲ್ಲೂರಿನಿಂದ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು ಸಾಕಿದವಳು, ಮಣೆಯ ಮೇಲೆ ಮರಳು ಹರವಿ ಅಕ್ಷರ ತಿದ್ದಿಸಿದವಳು ಅವಳೇ. ಈಗ ಎಪ್ಪತ್ತು ದಾಟಿದೆ. ಲಿಂಗಪೂಜೆಯಾಗದೆ ತೊಟ್ಟು ನೀರು ಬಾಯಿಗೆ ಹಾಕುವವಳಲ್ಲ. ನಿನ್ನೆ ಪೂಜೆ ಮುಗಿಸಿ ತನ್ನ ಅಂಗೈಯನ್ನು ನನ್ನ ಮೂಗಿಗೆ ಹಿಡಿದಳು.

"ಮೂಸು."

ಮೂಸಿದೆ. ಬ್ಲೀಚಿಂಗ್ ವಾಸನೆ.

"ಲಿಂಗಕ್ಕೆ ಮಜ್ಜನ ಮಾಡ್ಸೋ ನೀರು ಕಣೋ ಇದು. ಆಸ್ಪತ್ರೆ ನೆಲ ತೊಳ್ದಂಗೆ ನಾರ್ತೈತೆ. ಬಾವಿ ಇದ್ದಾಗ ಹಿಂಗಿತ್ತಾ?"

"ಪುಡಿ ಹಾಕ್ಲೇಬೇಕು ದೊಡ್ಡಮ್ಮ. ಸರ್ಕಾರದ ರೂಲ್ಸು."

"ಆರ್ ದಿನ ಸರ್ಕಾರಕ್ಕೆ ಹಾಕು. ಶಿವನ ವಾರ ಒಂದಿನ ಬಿಡು. ಸೋಮವಾರ ಒಂದೇ. ನಾನಿನ್ನೆಷ್ಟು ವರ್ಸ ಇರ್ತೀನಿ?"

ಪುರಸಭೆಯ ಕೊಳವೆಬಾವಿ ಬಂದ ಮೇಲೆ ಓಣಿಯ ಸಿಹಿನೀರಿನ ಬಾವಿ ಬತ್ತಿಹೋಯಿತು. ಅದನ್ನು ನಾನೇ ಕುಡಿದು ಖಾಲಿ ಮಾಡಿದವನ ಹಾಗೆ ನನ್ನ ಮೇಲೆ ಅವಳ ದೂರು ಇದ್ದೇ ಇತ್ತು. ಆದರೆ ನನಗಾಗಿ ಇದು ಮಾಡು ಅಂತ ಹಿಂದೆಂದೂ ಕೇಳಿದವಳಲ್ಲ. ಆಯ್ತು ಅಂದೆ.

ಮಾರ್ಚ್ ೯, ಸೋಮವಾರ

ಪುಡಿ ಇಲ್ಲ.

ಲಾಗ್ ಬುಕ್ಕಿನಲ್ಲಿ ಒಂದು ಕೆ.ಜಿ. ಅಂತಲೇ ಬರೆದೆ. ಇಲ್ಲದಿದ್ದರೆ ಹೆಲ್ತ್ ಇನ್‌ಸ್ಪೆಕ್ಟರು ಲಕ್ಷ್ಮೀಪತಿ ಬಂದು ಹತ್ತು ಪ್ರಶ್ನೆ ಕೇಳುತ್ತಾನೆ. ಉಳಿದ ಪುಡಿಯನ್ನು ತೂಗಿ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬದಲ್ಲಿ ಹಾಕಿಟ್ಟಿದ್ದೇನೆ. ಸರ್ಕಾರದ ಸಾಮಾನು ಕದಿಯುವವನು ನಾನಲ್ಲ.

ಸಂಜೆ ದೊಡ್ಡಮ್ಮ ಮತ್ತೆ ಅಂಗೈ ಹಿಡಿದಳು. ವಿಭೂತಿಯ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಅವಳ ಮುಖ ನೋಡಿಯೇ ನನಗೆ ಹೊಟ್ಟೆ ತುಂಬಿತು.

ಮಾರ್ಚ್ ೨೩, ಸೋಮವಾರ

ಪುಡಿ ಇಲ್ಲ. ಇದು ಮೂರನೆಯ ಸೋಮವಾರ. ಊರಿನಲ್ಲಿ ಒಬ್ಬರಿಗೂ ಒಂದು ಸೀನು ಬಂದಿಲ್ಲ. ಈ ಪುಡಿಯ ರಗಳೆಯೆಲ್ಲ ಇಂಗ್ಲಿಷ್ ಓದಿದವರು ಹಚ್ಚಿದ್ದು ಅಂತ ನನಗೆ ಮೊದಲಿಂದಲೂ ಅನುಮಾನ.

ಬಸ್ ಸ್ಟ್ಯಾಂಡಿನ ಹೋಟೆಲಿನವಳು ಮತ್ತೆ ಜಗಳಕ್ಕೆ ಬಂದಿದ್ದಳು. ಅವಳ ನಲ್ಲಿಗೆ ನೀರು ಸಾಲದಂತೆ. "ಕಡೂರ್ ಬಸ್ಸು ಬರೋ ಹೊತ್ಗೆ ಒಂದ್ ಡ್ರಮ್ ಆದ್ರೂ ತುಂಬ್ಬೇಕು ಕಣ್ರೀ. ತಟ್ಟೆ ತೊಳ್ಯಕ್ಕೆ ಎಂಜಲು ಉಗೀಲಾ?" ಅಂತ ನಾಲ್ಕು ಜನರ ಮುಂದೆ ಕೇಳಿದಳು. ಗಂಡ ಸತ್ತ ಹೆಂಗಸಿಗೆ ಇಷ್ಟು ಬಾಯಿ ಆಗಬಾರದು. ವಾಪಸು ಬರುವಾಗ ಆ ಕಡೆಯ ವಾಲ್ವನ್ನು ಬೇಕೆಂತಲೇ ಅರ್ಧ ಸುತ್ತು ಕಮ್ಮಿ ಮಾಡಿದೆ.

ಏಪ್ರಿಲ್ ೭, ಮಂಗಳವಾರ

ಮಲ್ಲಿಕಾಂಬ ಬಂದಳು! ದೊಡ್ಡಮ್ಮನ ಮಗ ಬಸವರಾಜಣ್ಣನ ಒಬ್ಬಳೇ ಮಗಳು. ಹೋದ ವರ್ಷ ಚೌಳಹಿರಿಯೂರಿಗೆ ಕೊಟ್ಟಿದ್ದೆವು. ಈಗ ಏಳು ತಿಂಗಳು, ಯುಗಾದಿ ಅಲ್ಲೇ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ.

ನನಗೂ ಪ್ರೇಮಳಿಗೂ ಮಕ್ಕಳಿಲ್ಲ. ಆ ಕೊರತೆ ಗೊತ್ತಾಗದ ಹಾಗೆ ನಮ್ಮ ಮನೆಯಲ್ಲೇ ಆಡಿ ಬೆಳೆದವಳು ಮಲ್ಲಿ. ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ಎತ್ತಲಾರದೆ ರಸ್ತೆಯುದ್ದಕ್ಕೂ ದರದರ ಎಳೆದುಕೊಂಡು ನನ್ನ ಹಿಂದೆ ಬರುತ್ತಿದ್ದಳು. ಇವತ್ತು ಬಂದವಳೇ ನಮ್ಮ ಮನೆಯಲ್ಲಿ ಒಂದು ಚೊಂಬು ನೀರು ಗಟಗಟ ಕುಡಿದಳು.

"ಅಲ್ಲಿ ಬರೀ ಸೌಳು ನೀರು ಚಿಕ್ಕಪ್ಪ. ನಿಮ್ ನೀರು ಕುಡೀಬೇಕು ಅಂತ ಬಾಯ್ ಬಿಡ್ತಿದ್ದೆ."

'ನಿಮ್ ನೀರು' ಅಂದಳಲ್ಲ, ಅದನ್ನೇ ದಿನವಿಡೀ ನೆನೆಸಿಕೊಂಡು ಓಡಾಡಿದೆ.

ಏಪ್ರಿಲ್ ೨೦, ಸೋಮವಾರ

ಪುಡಿ ಇಲ್ಲ.

ನಿನ್ನೆ ಸಂಜೆ ಈ ವರ್ಷದ ಮೊದಲ ಮಳೆ, ಅದೂ ಒಂದೂವರೆ ಗಂಟೆ. ಮಠದ ಓಣಿಯ ಚರಂಡಿ ಉಕ್ಕಿ ರಸ್ತೆಗೆ ಬಂದಿತ್ತು. ಬೆಳಿಗ್ಗೆ ನೀರು ಬಿಟ್ಟಾಗ ಮೊದಲ ಹತ್ತು ನಿಮಿಷ ಕೆಂಪಗೆ ಬಂತು, ವಾಸನೆಯೂ ಇತ್ತು ಅಂದಳು ಪ್ರೇಮ. ಪೈಪು ಚರಂಡಿಯ ಅಡಿಯಲ್ಲಿ ಹಾದುಹೋಗುವ ಕಡೆ ಜಾಯಿಂಟು ಸಡಿಲವಾಗಿರಬೇಕು. ಹೊಸ ಮಳೆಗೆ ಇದೆಲ್ಲ ಇದ್ದದ್ದೇ.

ಪುಡಿ ಹಾಕಿಬಿಡೋಣ ಅಂತ ಒಂದು ಸಲ ಅನ್ನಿಸಿತ್ತು. ಮುಚ್ಚಳವನ್ನೂ ತೆಗೆದಿದ್ದೆ. ಸೋಮವಾರ ಅಂತ ನೆನಪಾಗಿ ಮುಚ್ಚಿದೆ.

ಏಪ್ರಿಲ್ ೨೧, ಮಂಗಳವಾರ

ಚರಂಡಿಗೆ ಇಳಿದು ಜಾಯಿಂಟಿಗೆ ರಬ್ಬರು ಸುತ್ತಿ ಬಿಗಿದೆ. ಬೆರಳು ತೂರುವಷ್ಟು ಸಂದು ಬಿಟ್ಟಿತ್ತು. ಪುಡಿಯನ್ನು ಇವತ್ತು ಸ್ವಲ್ಪ ಧಾರಾಳವಾಗಿಯೇ ಹಾಕಿದೆ. ಮೂರು ಸಲ ಸೋಪು ಹಚ್ಚಿದರೂ ಕೈಯ ನಾತ ಹೋಗಲಿಲ್ಲ.

ಮೇ ೧೬, ಶನಿವಾರ

ಮಠದ ಓಣಿಯಲ್ಲಿ ನಾಲ್ಕು ಜನಕ್ಕೆ ಕಾಮಾಲೆ. ಬಿಸಿಲಿಗೆ ಪಿತ್ತ ಕೆರಳಿದೆ ಅಂತ ಮಾತಾಡಿಕೊಳ್ಳುತ್ತಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ.

ಮೇ ೧೮, ಸೋಮವಾರ

ಕಾಮಾಲೆ ಹನ್ನೊಂದು ಜನಕ್ಕೆ.

ಪುಡಿ ಒಂದು ಕೆ.ಜಿ. ಹಾಕಿದೆ. ಯಾಕೋ ಬಿಡಲಾಗಲಿಲ್ಲ. ದೊಡ್ಡಮ್ಮ ಕೇಳಿದರೆ ಸಾಹೇಬರು ಪಕ್ಕದಲ್ಲೇ ನಿಂತಿದ್ದರು ಅಂತ ಹೇಳಿದರಾಯಿತು.

ಮೇ ೧೯, ಮಂಗಳವಾರ

ಸರ್ಕಾರಿ ಡಾಕ್ಟರು ಅನಂತಪದ್ಮನಾಭ ಪಂಪ್‌ಹೌಸಿಗೆ ಬಂದಿದ್ದರು. ಹೊಸಬರು, ಸಣ್ಣ ವಯಸ್ಸು, ಮೆಲ್ಲಗಿನ ಮಾತು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಅದಕ್ಕೆ ಯಾವುದೋ ಔಷಧಿಯ ನಾಲ್ಕು ಹನಿ ಹಾಕಿದರು. ನೀರು ಹಳದಿಯಾಯಿತು.

"ಹೀಗೆ ಹಳದಿ ಬಂದ್ರೆ ನೀರಲ್ಲಿ ಕ್ಲೋರಿನ್ ಇದೆ ಅಂತ. ಬಣ್ಣ ಬರ್ಲಿಲ್ಲ ಅಂದ್ರೆ ನಾವು ಹೆದರಬೇಕು" ಅಂದರು. ಆಮೇಲೆ ಲಾಗ್ ಬುಕ್ ನೋಡಿದರು. ಮಾರ್ಚಿನಿಂದ ಒಂದು ದಿನವೂ ತಪ್ಪಿಲ್ಲ. "ಎಷ್ಟು ಚೊಕ್ಕಟವಾಗಿ ಬರೆದಿದ್ದೀರಿ ಷಣ್ಮುಖಪ್ಪನವರೇ" ಅಂತ ಹೊಗಳಿದರು.

ಈ ಕಾಮಾಲೆ ಹೊಲಸು ನೀರಿನಿಂದ ಬರುವುದಂತೆ. ಕುಡಿದ ತಕ್ಷಣ ಗೊತ್ತಾಗುವುದಿಲ್ಲ, ಮೂರು ನಾಲ್ಕು ವಾರದ ಮೇಲೆ ಕಾಣಿಸಿಕೊಳ್ಳುತ್ತದಂತೆ. ಗಂಡಸರು ಹದಿನೈದು ದಿನ ಮಲಗಿ ಏಳುತ್ತಾರೆ, ಬಸುರಿಯರಿಗೆ ಮಾತ್ರ ಬಹಳ ಅಪಾಯ ಅಂದರು.

ಮೂರು ನಾಲ್ಕು ವಾರ. ಈ ಡೈರಿಯನ್ನು ಹಿಂದಕ್ಕೆ ತಿರುಗಿಸಿ ನೋಡಲಿಲ್ಲ.

ಮೇ ೨೨, ಶುಕ್ರವಾರ

ಹೋಟೆಲು ಮುಚ್ಚಿಸಿದರು. ಇಪ್ಪತ್ಮೂರು ರೋಗಿಗಳಲ್ಲಿ ಹದಿನಾಲ್ಕು ಜನ ಅಲ್ಲಿ ತಿಂಡಿ ತಿಂದವರಂತೆ. ಬಸ್ ಸ್ಟ್ಯಾಂಡಿನಲ್ಲಿ ಇರುವುದೇ ಅದೊಂದು ಹೋಟೆಲು, ಊರಿನ ಅರ್ಧ ಜನ ಅಲ್ಲಿ ತಿಂದವರೇ. ಆದರೂ ನಾನು ಬಾಯಿ ಬಿಡಲಿಲ್ಲ. ಲಕ್ಷ್ಮೀಪತಿ ನೀರಿನ ಡ್ರಮ್ಮನ್ನು ಒದ್ದು ಉರುಳಿಸಿದ.

"ನಾನು ಹಿಡ್ಯೋದೂ ಇದೇ ನಲ್ಲಿ ನೀರೇ ಕಣ್ರೀ. ಬೇರೆ ಎಲ್ಲಿಂದ ತರ್ಲಿ?" ಅಂತ ಅವಳು ಕೂಗಿದಳು.

"ನಲ್ಲಿ ನೀರಿಗೆ ದಿನಾ ಔಷಧಿ ಬೀಳ್ತೈತೆ, ಪುಸ್ತಕದಲ್ಲಿ ಐತೆ. ಅಲ್ವೇನ್ರೀ ಷಣ್ಮುಖಪ್ಪ?" ಅಂದ ಲಕ್ಷ್ಮೀಪತಿ.

ಎಲ್ಲರೂ ನನ್ನ ಕಡೆ ನೋಡಿದರು. ಅವಳೂ ನೋಡಿದಳು.

ಹೌದು ಅಂದೆ.

ಸದ್ಯ, ನೀರಿನ ಮೇಲೆ ಬರಲಿಲ್ಲ. ಮನೆಗೆ ಬಂದು ಊಟಕ್ಕೆ ಕೂತವನು ತಟ್ಟೆ ಸರಿಸಿ ಎದ್ದೆ. ಬಿಸಿಲು ಜಾಸ್ತಿಯಾಗಿದೆ.

ಮೇ ೨೬, ಮಂಗಳವಾರ

ಮಲ್ಲಿಗೆ ಎರಡು ದಿನದಿಂದ ವಾಂತಿ. ಇವತ್ತು ಕಣ್ಣು ನೋಡಿದೆ. ಹಳದಿ.

ಮೇ ೨೯, ಶುಕ್ರವಾರ

ತರೀಕೆರೆ ಕಡೆಯಿಂದ ಯಾರೋ ನೆಲನೆಲ್ಲಿ ತಂದುಕೊಟ್ಟರು. ಅರೆದು ಮಜ್ಜಿಗೆಯಲ್ಲಿ ಕೊಟ್ಟರೆ ಅದೂ ನಿಲ್ಲಲಿಲ್ಲ. ಡಾಕ್ಟರು ಬಂದು ನೋಡಿ, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಲು ಸಿದ್ಧರಾಗಿರಿ ಅಂದಿದ್ದಾರೆ. ಮಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನನ್ನನ್ನು ಕಂಡು ನೀರು ಕೇಳಿದಳು. ಪ್ರೇಮ ಕುದಿಸಿ ಆರಿಸಿದ್ದನ್ನು ತಂದುಕೊಟ್ಟಳು. ಹೋದ ವಾರದಿಂದ ನಮ್ಮ ಮನೆಯಲ್ಲಿ ಕುದಿಸಿದ ನೀರೇ. ನಾನೇ ಹೇಳಿದ್ದೆನಂತೆ, ಯಾವಾಗ ಹೇಳಿದೆನೋ ನೆನಪಿಲ್ಲ.

ದೊಡ್ಡಮ್ಮ ನನ್ನನ್ನು ನಡುಮನೆಗೆ ಕರೆದಳು. "ಈ ಹುಡ್ಗಿ ಬಂದಾಗಿಂದ ಓಣಿ ದಾಟಿಲ್ಲ. ಹೋಟ್ಲು ಮೆಟ್ಲು ಹತ್ತಿಲ್ಲ. ಇದಕ್ಕೆ ಹೆಂಗ್ ಬಂತೋ ಷಣ್ಮುಕ?"

ಗೊತ್ತಿಲ್ಲ ದೊಡ್ಡಮ್ಮ ಅಂದೆ.

ಜೂನ್ ೧, ಸೋಮವಾರ

ಪುಡಿ ಒಂದು ಕೆ.ಜಿ.

ಜೂನ್ ೩, ಬುಧವಾರ

ಮಲ್ಲಿಗೆ ಜ್ಞಾನವಿಲ್ಲ. ಅವಳ ಅಪ್ಪ, ಗಂಡ, ನಾನು ಸೇರಿ ಕಾರಿನಲ್ಲಿ ಶಿವಮೊಗ್ಗಕ್ಕೆ ಕರೆತಂದೆವು. ದಾರಿಯಲ್ಲಿ ಒಮ್ಮೆ ಕಣ್ಣು ಬಿಟ್ಟು ನನ್ನ ಕೈ ಹಿಡಿದುಕೊಂಡು "ಕೀಲಿ ಭಾರ" ಅಂದಳು. ಮತ್ತೆ ಏನೂ ಅನ್ನಲಿಲ್ಲ.

ಜೂನ್ ೫, ಶುಕ್ರವಾರ

ಮಲ್ಲಿ ಹೋದಳು. ಮಗುವೂ ಉಳಿಯಲಿಲ್ಲ. ಹೆಣ್ಣು ಮಗು.

ಜೂನ್ ೧೪, ಭಾನುವಾರ

ಒಂಬತ್ತು ದಿನ ಏನೂ ಬರೆಯಲಿಲ್ಲ. ಇವತ್ತು ಏಪ್ರಿಲ್ ಇಪ್ಪತ್ತರ ಹಾಳೆ ತೆಗೆದು ಓದಿದೆ. 'ಮುಚ್ಚಳವನ್ನೂ ತೆಗೆದಿದ್ದೆ' ಅಂತ ನನ್ನ ಅಕ್ಷರದಲ್ಲೇ ಇದೆ.

ಸೋಮವಾರ ಪುಡಿ ಬಿಟ್ಟಿದ್ದು ದೊಡ್ಡಮ್ಮನನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಬೆಳಿಗ್ಗೆ ಪ್ರೇಮ ಬಟ್ಟೆ ನೆನೆಹಾಕುತ್ತಾ ನನ್ನ ಕಡೆ ತಿರುಗದೆ ಹೇಳಿದಳು. "ಹನ್ನೆರಡು ವರ್ಸದಿಂದ ನಿಮ್ ಅಂಗಿ ಒಗೀತಿದೀನಿ. ದಿನಾ ಪುಡಿ ವಾಸ್ನೆ. ಮಾರ್ಚಿಂದ ಸೋಮವಾರದ ಅಂಗಿಗೆ ಮಾತ್ರ ಇರ್ತಿರ್ಲಿಲ್ಲ. ಕೇಳೋಣ ಅಂತಿದ್ದೆ. ಕೇಳ್ಲಿಲ್ಲ. ನಂದೂ ತಪ್ಪೈತೆ."

ಅವಳ ತಪ್ಪು ಏನೂ ಇಲ್ಲ ಅಂತ ಹೇಳಬೇಕಿತ್ತು. ಅದಕ್ಕೆ ಬಾಯಿ ಬಂದಿದ್ದರೆ ಉಳಿದದ್ದನ್ನೂ ಹೇಳುತ್ತಿದ್ದೆ.

ಸಂಜೆ ಬಸ್ ಸ್ಟ್ಯಾಂಡಿನ ಕಡೆ ಹೋದಾಗ ಬೀದಿ ನಲ್ಲಿಯಲ್ಲಿ ಮೀನಾಕ್ಷಮ್ಮ ಕೊಡ ಹಿಡಿದು ನಿಂತಿದ್ದಳು. ಅವಳ ಹೋಟೆಲಿನ ನಲ್ಲಿಗೆ ಬೀಗ ಹಾಕಿದ್ದಾರೆ. ಉಳಿದ ಹೆಂಗಸರು ಅವಳ ಕೊಡ ಸರದಿಗೆ ಬರದ ಹಾಗೆ ಮುಂದೆ ಮುಂದೆ ತಮ್ಮದನ್ನು ಇಡುತ್ತಿದ್ದರು. ಅಷ್ಟು ಬಾಯಿಯ ಹೆಂಗಸು ಒಂದು ಮಾತೂ ಆಡಲಿಲ್ಲ. ನೀರು ನಿಲ್ಲಿಸುವ ಹೊತ್ತು ಮೀರಿದ್ದರೂ ಅವಳ ಕೊಡ ತುಂಬುವ ತನಕ ವಾಲ್ವ್ ಮುಟ್ಟಲಿಲ್ಲ. ಅವಳಿಗೆ ಅದು ಗೊತ್ತಾಗಲಿಲ್ಲ.

ಜೂನ್ ೧೯, ಶುಕ್ರವಾರ

ಡಬ್ಬವನ್ನು ಕೆರೆಗೆ ಸುರಿದುಬಿಡೋಣ ಅಂತ ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಹತ್ತು ಸೋಮವಾರ, ಹತ್ತು ಕೆ.ಜಿ. ಇದೊಂದು ಇಲ್ಲದಿದ್ದರೆ ಲಾಗ್ ಬುಕ್ಕೇ ಸತ್ಯ. ಪುಡಿ ತಗಡನ್ನು ತಿಂದು ಡಬ್ಬದ ತಳ ತುಕ್ಕು ಹಿಡಿದು ಉದುರುತ್ತಿತ್ತು. ಏರಿಯ ಮೇಲೆ ಕೂತು ಮುಚ್ಚಳ ತೆಗೆದೆ. ಹೊಸದಾಗಿ ತಂದಾಗ ಕಣ್ಣಿಗೆ ರಾಚುವ ವಾಸನೆ ಈಗ ಅರ್ಧವೂ ಇರಲಿಲ್ಲ.

ನಾನು ಹೇಳಿದರೆ ಕೆಲಸ ಹೋಗುತ್ತದೆ. ಅದನ್ನು ತಡೆದುಕೊಂಡೇನು. ಆದರೆ ಯಾಕೆ ಹಾಕಲಿಲ್ಲ ಅಂತ ಕೇಳುತ್ತಾರೆ. ದೊಡ್ಡಮ್ಮ ಕೇಳಿದಳು ಅಂತ ಹೇಳಿದರೆ, ತನ್ನ ಮಾತಿನಿಂದಲೇ ಮೊಮ್ಮಗಳು ಹೋದಳು ಅಂತ ಅವಳಿಗೆ ತಿಳಿಯುತ್ತದೆ. ಆ ವಯಸ್ಸಿನಲ್ಲಿ ಆ ಮಾತು ಹೊತ್ತು ಅವಳು ಬದುಕುವುದಿಲ್ಲ. ಹೇಳದಿದ್ದರೆ ಮೀನಾಕ್ಷಮ್ಮ ಊರು ಬಿಡಬೇಕು. ಮನೆ ಖಾಲಿ ಮಾಡು ಅಂತ ಮಾಲೀಕರು ಹೇಳಿದ್ದಾರಂತೆ.

ಡಬ್ಬ ವಾಪಸು ತಂದೆ.

ಜೂನ್ ೨೨, ಸೋಮವಾರ

ಪುಡಿ ಒಂದು ಕೆ.ಜಿ. ಹಾಕಿ, ನೀರು ಬಿಟ್ಟು, ಹತ್ತು ಗಂಟೆಗೆ ಡಬ್ಬವನ್ನು ಡಾಕ್ಟರ ಮೇಜಿನ ಮೇಲೆ ಇಟ್ಟೆ. ತುಕ್ಕು ಅವರ ಕಾಗದಗಳ ಮೇಲೆ ಉದುರಿತು.

"ಏನಿದು?"

"ಹತ್ತು ಸೋಮವಾರದ್ದು ಸಾರ್. ಮಾರ್ಚ್ ಒಂಬತ್ತರಿಂದ ಮೇ ಹನ್ನೊಂದರ ತನಕ. ಹಾಕಿದೀನಿ ಅಂತ ಬರ್ದಿದೀನಿ. ಹಾಕಿಲ್ಲ."

ಏಪ್ರಿಲ್ ಹತ್ತೊಂಬತ್ತರ ಮಳೆ, ಚರಂಡಿ, ಜಾಯಿಂಟು, ಎಲ್ಲ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಹಿಂದಕ್ಕೆ ಎಣಿಸಿದರು. ತಾವು ನೀರು ಪರೀಕ್ಷೆ ಮಾಡಿದ್ದು ಮಂಗಳವಾರ ಅಂತ ಅವರಿಗೂ ಹೊಳೆದಿರಬೇಕು.

"ಪುಡಿ ಹಾಕಿದ್ರೆ ಮಲ್ಲಿ ಉಳೀತಿದ್ಲಾ ಸಾರ್?"

"ಹಾಕಿದ್ರೆ ಖಂಡಿತ ಬರ್ತಿರ್ಲಿಲ್ಲ ಅಂತ ನಾನು ಹೇಳಲಾರೆ. ಅಷ್ಟು ಹೊಲಸು ಸೇರಿದಾಗ ಒಂದು ಕೆ.ಜಿ. ಸಾಲದೇ ಹೋಗಬಹುದು. ಆದ್ರೆ ಎಷ್ಟೋ ಜನಕ್ಕೆ ತಪ್ತಿತ್ತು. ಅವರಲ್ಲಿ ಆ ಹುಡುಗಿ ಇರ್ತಿದ್ಲಾ ಇಲ್ವಾ, ಅದು ಯಾರಿಗೂ ಗೊತ್ತಾಗಲ್ಲ" ಅಂದರು. ಕಾಗದದ ಮೇಲಿನ ತುಕ್ಕು ಕೊಡವಿ, "ನಿಮಗೆ ಸಮಾಧಾನ ಹೇಳೋಕೆ ನನ್ನ ಹತ್ರ ಏನೂ ಇಲ್ಲ ಷಣ್ಮುಖಪ್ಪನವರೇ" ಅಂದರು.

ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೨೪, ಬುಧವಾರ

ಪುರಸಭೆಯಲ್ಲಿ ಹೇಳಿಕೆ ಬರೆಸಿಕೊಂಡರು. ಯಾಕೆ ಹಾಕಲಿಲ್ಲ ಅಂದರು. ಸೋಮಾರಿತನ ಅಂತ ಬರೆಸಿದೆ. ಭಾನುವಾರ ರಜೆಯ ಗುಂಗಿನಲ್ಲಿ ಸೋಮವಾರ ಪುಡಿ ಕದಡಲು ಬೇಸರವಾಗುತ್ತಿತ್ತು ಅಂತ ಹೇಳಿದೆ. ಪಂಪಿನವನಿಗೆ ಭಾನುವಾರ ರಜೆಯೇ ಇಲ್ಲ ಅಂತ ಯಾರಿಗೂ ನೆನಪಾಗಲಿಲ್ಲ. ಸಸ್ಪೆಂಡ್ ಮಾಡಿದ್ದಾರೆ. ವಾಲ್ವಿನ ಕೀಲಿ ಒಪ್ಪಿಸಿ ಬಂದೆ.

ಹೊರಗೆ ಬಸವರಾಜಣ್ಣ ನಿಂತಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹತ್ತಿರ ಬಂದು, "ಅವಳ್ನ ಹೆಗಲ ಮ್ಯಾಲೆ ಹೊತ್ಕಂಡು ತಿರುಗ್ದೋನಲ್ವೇನೋ ನೀನು" ಅಂದ. ಅಷ್ಟೇ ಅಂದು ಹೋದ.

ಜೂನ್ ೨೭, ಶನಿವಾರ

ಹೋಟೆಲಿನ ಬೀಗ ತೆಗೆದಿದ್ದಾರೆ, ಒಳಗೆ ಮಾತ್ರ ಒಂದು ನೊಣವೂ ಇಲ್ಲ. ಮೀನಾಕ್ಷಮ್ಮನವರ ಮುಂದೆ ಹೋಗಿ ನಿಂತೆ. ತಪ್ಪಾಯಿತು ಅಂದೆ. ಹೌದು ಅಂದಿದ್ದು ನಾನೇ, ಅವತ್ತು ಎಲ್ಲರ ಮುಂದೆ.

ಅವರು ಹಿಟ್ಟು ರುಬ್ಬುವುದನ್ನು ನಿಲ್ಲಿಸಲಿಲ್ಲ. "ನನ್ ಹತ್ರ ಒಬ್ಬರೇ ಬಂದು ಹೇಳಿದ್ರೆ ಏನಾಯ್ತು? ಕಡೂರ್ ಬಸ್ಸು ಬರೋ ಹೊತ್ಗೆ ಬನ್ನಿ. ನನ್ ಹೋಟ್ಲು ಮುಂದೆ ನಿಂತ್ಕಂಡು ಒಂದ್ ಲೋಟ ನೀರು ಕುಡೀರಿ. ಎಲ್ರೂ ನೋಡ್ಬೇಕು."

ಹನ್ನೊಂದಕ್ಕೆ ಬಸ್ಸು ಬಂತು. ಜನ ಇಳಿದರು. ಮೀನಾಕ್ಷಮ್ಮನವರು ಡ್ರಮ್ಮಿನಿಂದ ಲೋಟ ತುಂಬಿ ಕೈಗೆ ಕೊಟ್ಟರು. ಮೆಟ್ಟಿಲ ಮೇಲೆ ನಿಂತು, "ಕಾಮಾಲೆ ಬಂದಿದ್ದು ಇವರ ನೀರಿಂದಲ್ಲ, ನಾನು ಬಿಟ್ಟ ನೀರಿಂದ" ಅಂತ ಕೂಗಿ ಹೇಳಿ ಕುಡಿದೆ. ಯಾರೋ ಕ್ಯಾಕರಿಸಿ ಉಗುಳಿದರು. ಅಜ್ಜಂಪುರದ ಕಡೆ ಹೋಗುವ ಇಬ್ಬರು ಒಳಗೆ ಹೋಗಿ ಇಡ್ಲಿ ಹೇಳಿದರು.

"ನಾಳೆನೂ ಬನ್ನಿ" ಅಂದರು ಮೀನಾಕ್ಷಮ್ಮನವರು.

ಜುಲೈ ೨, ಗುರುವಾರ

ಐದು ದಿನದಿಂದ ದಿನಾ ಹನ್ನೊಂದಕ್ಕೆ ಹೋಗಿ ಕುಡಿದು ಬರುತ್ತಿದ್ದೇನೆ. ಇವತ್ತು ಬೆಂಚು ಅರ್ಧ ತುಂಬಿತ್ತು.

ಮನೆಗೆ ಬಂದರೆ ಜಗಲಿಯ ಮೇಲೆ ದೊಡ್ಡಮ್ಮ ಕೂತಿದ್ದಳು. ಮಲ್ಲಿ ಹೋದ ಮೇಲೆ ಹೊಸಿಲು ದಾಟಿದವಳಲ್ಲ. ಓಣಿಯಿಂದ ಇಲ್ಲಿಯವರೆಗೆ ಗೋಡೆ ಹಿಡಿದುಕೊಂಡು ಒಬ್ಬಳೇ ನಡೆದು ಬಂದಿದ್ದಳು.

"ಸೋಮಾರಿತನ ಅಂತ ಬರ್ಸಿದೀಯಂತೆ."

ಚಪ್ಪಲಿ ಬಿಡುತ್ತಾ ಹೌದು ಅಂದೆ.

"ಸುಳ್ಳು ಬರ್ಯಕ್ಕಾ ನಾನು ನಿಂಗೆ ಮರಳ ಮ್ಯಾಲೆ ಅಕ್ಷರ ಕಲ್ಸಿದ್ದು?"

"ದೊಡ್ಡಮ್ಮ, ನಿಂಗೆ ಗೊತ್ತಾಗೋದು ಬ್ಯಾಡ ಅಂತ..."

"ಬೆಳಗ್ಗೆ ಎದ್ರೆ ಅಂಗೈ ಮೂಸಿ ನೋಡ್ತಿದ್ದೋಳು ನಾನು. ನಂಗೆ ಗೊತ್ತಿಲ್ದೆ ಇರ್ತೈತಾ? ಆ ಹುಡ್ಗಿ ಕಣ್ಣು ಹಳದಿ ಆದ್ ದಿನಾನೇ ಗೊತ್ತಾಯ್ತು. ನೀನು ಬಂದು ಹೇಳ್ತೀಯ, ಇಬ್ರೂ ಕೂತು ಅಳಾಣ ಅಂತ ಕಾಯ್ಕಂಡಿದ್ದೆ ಕಣೋ. ನೀನು ಗೊತ್ತಿಲ್ಲ ಅಂದ್ಬಿಟ್ಟೆ."

ಅವಳ ಕಾಲ ಹತ್ತಿರ ಕೂತು ಅತ್ತೆ. ನಲವತ್ತೆಂಟು ವರ್ಷದ ಗಂಡಸು, ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವಳು ತಲೆ ಸವರಲಿಲ್ಲ. ಅವಳ ಕೈ ತನ್ನ ಮಡಿಲಲ್ಲೇ ಇತ್ತು.

"ಏಳು. ಆಫೀಸಿಗೆ ಕರ್ಕಂಡ್ ಹೋಗು. ಹಾಕ್ಬ್ಯಾಡ ಅಂದೋಳು ತೀರ್ಥಮ್ಮ ಅಂತ ಅದ್ರಲ್ಲಿ ಬರೀಬೇಕು. ನನ್ ಪಾಲು ನಂಗೆ ಬೇಕು."

ಜುಲೈ ೩, ಶುಕ್ರವಾರ

ಬರೆಸಿದಳು. ಹೆಬ್ಬೆಟ್ಟು ಒತ್ತಿ ಅಂತ ಗುಮಾಸ್ತ ಮಸಿ ಮುಂದೆ ತಳ್ಳಿದ. ಅವಳು ಪೆನ್ನು ಕೇಳಿ ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ಪೂರ್ತಿ ಹೆಸರು ಬರೆದಳು.

ಆಗಸ್ಟ್ ೩, ಸೋಮವಾರ

ಶ್ರಾವಣದ ಮೊದಲ ಸೋಮವಾರ. ಬೆಳಿಗ್ಗೆ ಏಳಕ್ಕೆ ದೊಡ್ಡಮ್ಮ ಹೇಳಿ ಕಳಿಸಿದಳು. ಬಾಗಿಲು ತೆರೆದವನು ಬಸವರಾಜಣ್ಣ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಗೋಡೆಯ ಮೇಲೆ ಮಲ್ಲಿಯ ಮದುವೆಯ ಫೋಟೋಗೆ ಹೂ ಹಾಕಿದ್ದರು.

ಮಲ್ಲಿ ಹೋದಾಗಿನಿಂದ ದೊಡ್ಡಮ್ಮ ಲಿಂಗಕ್ಕೆ ಮಜ್ಜನ ಮಾಡಿಸಿರಲಿಲ್ಲವಂತೆ. ಬರೀ ವಿಭೂತಿ, ಪತ್ರೆ. ಇವತ್ತು ತಾಮ್ರದ ಚೊಂಬನ್ನು ನನ್ನ ಕಡೆ ನೀಡಿದಳು.

"ನಲ್ಲಿಯಿಂದ ನೀನೇ ಹಿಡ್ಕಂಬಾ."

ಅಂಗಳದ ನಲ್ಲಿ ತಿರುಗಿಸಿದೆ. ಪಂಪ್‌ಹೌಸಿಗೆ ಬಂದಿರುವ ಹೊಸಬ ಕೈ ಹಿಡಿದು ಹಾಕುವವನಲ್ಲ, ವಾಸನೆ ಮೂಗಿಗೆ ಅಡರಿತು. ಚೊಂಬು ಹಿಡಿದುಕೊಂಡು ಅಲ್ಲೇ ನಿಂತೆ.

"ದೊಡ್ಡಮ್ಮ, ಪುಡಿ ವಾಸ್ನೆ ಜೋರಾಗೈತೆ. ಕುದ್ಸಿ ಆರಿಸ್ಕಂಡು ಬರ್ಲಾ?"

"ಬ್ಯಾಡ, ಹಂಗೇ ತಾ. ವಾಸ್ನೆ ಆಗ್ಬರಲ್ಲ ಅಂತ ಶಿವ ಯಾವತ್ತೂ ಅಂದಿರ್ಲಿಲ್ಲ. ಅಂದಿದ್ದು ನಾನು."

ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಬಲಗೈಯಿಂದ ನೀರು ಬಿಟ್ಟಳು. ಅರ್ಧ ನೀರು ಹೊರಗೆ ಚೆಲ್ಲಿತು. ದೇವರ ಕೋಣೆಯೆಲ್ಲ ಆ ವಾಸನೆ. ಅವಳ ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ. ಪೂಜೆ ಮುಗಿದ ಮೇಲೆ ತಾನು ಸ್ವಲ್ಪ ಕುಡಿದಳು. ಬಾಗಿಲಲ್ಲಿ ನಿಂತಿದ್ದ ಮಗನ ಕೈಗೆ ಹಾಕಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು ನನ್ನ ಅಂಗೈಗೂ ಹಾಕಿದಳು.

ಕುಡಿದೆ.

ಮನೆಗೆ ಬಂದು ಕೈ ತೊಳೆಯದೆ ಇದನ್ನು ಬರೆಯುತ್ತಿದ್ದೇನೆ. ಇವತ್ತು ಸೋಮವಾರ. ಅಂಗೈ ಮೂಸಿ ನೋಡಿದೆ. ಪುಡಿ ಹಾಕಿದ್ದಾರೆ.